ಅವ್ವನ ನಾಲ್ಕು ನಿಮಿಷದ ಅಳು

ನಮ್ಮೂರಿಗೆ ದಿನಕ್ಕೆ ಎರಡೇ ಬಸ್ಸು ಬರುತ್ತಿದ್ದ ಕಾಲ ಅದು. ಮುಂಜಾನೆ ಎಂಟಕ್ಕೊಂದು, ಸಂಜೆ ಐದಕ್ಕೊಂದು. ಹುಬ್ಬಳ್ಳಿಯಿಂದ ಬಂದು, ಊರ ಅಗಸಿ ಬಾಗಿಲ ಮುಂದಿನ ಬೇವಿನ ಗಿಡ ಸುತ್ತಿ, ತಿರುಗಿ ಹುಬ್ಬಳ್ಳಿಗೇ ಹೋಗುತ್ತಿದ್ದವು. ಸಂಶಿಯಿಂದ ಎರಡು ಹರದಾರಿ ಒಳಗಿನ ಊರು ನಮ್ಮದು. ಸುತ್ತ ಕಣ್ಣು ಹಾಯುವತನಕ ಕರಿ ಮಣ್ಣಿನ ಎರಿ ಹೊಲ, ಚಳಿಗಾಲ ಬಂತೆಂದರೆ ಮನೆಮನೆಯ ಅಂಗಳದಲ್ಲಿ ಕೆಂಪು ಮೆಣಸಿನಕಾಯಿ. ಅಂಥ ಊರಿಗೆ ಎಂಬತ್ತರ ದಶಕದ ಒಂದು ಚಳಿಗಾಲದಲ್ಲಿ ಸಿನೆಮಾ ತೆಗೆಯುವವರು ಬಂದು ಇಪ್ಪತ್ತು ದಿನ ಇದ್ದರು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ನೀವು ನನ್ನ ವಯಸ್ಸಿನವರಾಗಿದ್ದರೆ ನಿಮ್ಮೂರಿಗೂ ಯಾರಾದರೂ ಬಂದೇ ಇರುತ್ತಾರೆ, ಸರ್ಕಸ್ಸಿನವರೋ, ನಾಟಕದ ಕಂಪನಿಯವರೋ. ಅವರು ಡೇರೆ ಕಿತ್ತುಕೊಂಡು ಹೋದ ಮೇಲೆ ಗೂಟದ ತೆಗ್ಗು ನಾಲ್ಕು ದಿನ ಕಾಣುತ್ತವೆ, ಆಮೇಲೆ ಮುಚ್ಚಿಕೊಳ್ಳುತ್ತವೆ. ನಮ್ಮ ಮನೆಯಲ್ಲಿ ಬಿದ್ದದ್ದು ಮುಚ್ಚಲಿಲ್ಲ.

ಆ ಡೈರೆಕ್ಟರು ಹೋದ ತಿಂಗಳು ತೀರಿಕೊಂಡರು. ಪೇಪರಿನವರು ಅರ್ಧ ಪುಟ ಬರೆದರು. ಅಣ್ಣಿಗೇರಿ ಕಡೆಯ ಸಾಲಿ ಮಾಸ್ತರರ ಮಗ, ಐದು ವರ್ಷದವರಿದ್ದಾಗಲೇ ತಾಯಿ ಇಲ್ಲ, ದೂರದ ಊರಿಗೆ ಹೋಗಿ ಸಿನೆಮಾ ಕಲಿತರು. ಮೊದಲನೆಯದು ಹುಬ್ಬಳ್ಳಿಯಲ್ಲಿ ಮೂರು ದಿನವೂ ಓಡಲಿಲ್ಲ. ಎರಡನೆಯದಕ್ಕೆ ತುಸು ಹೆಸರು ಬಂತು. ಮೂರನೆಯದಕ್ಕೆ ದಿಲ್ಲಿಯ ಪ್ರಶಸ್ತಿ, ಪರದೇಶದ ಮರ್ಯಾದೆ. ಅದರಲ್ಲಿ ತಾಯಿಯೊಬ್ಬಳು ಸತ್ತ ಮಗಳಿಗಾಗಿ ಅಳುವ ನಾಲ್ಕು ನಿಮಿಷ ಇದೆಯಲ್ಲ, ಅಂಥದ್ದು ನಮ್ಮ ಸಿನೆಮಾದಲ್ಲಿ ಮತ್ತೆ ಬರಲಿಲ್ಲ ಅಂತ ಒಬ್ಬರು ಬರೆದಿದ್ದರು. ಇನ್ನೊಬ್ಬರು ಆ ಅಳುವಿನ ನಡುನಡುವೆ ಬರುವ ಮೌನವನ್ನು ಹೊಗಳಿದ್ದರು. ಎಲ್ಲಿ ನಿಲ್ಲಿಸಬೇಕೆಂದು ಬಲ್ಲ ಕಲಾವಿದ, ಅಂತ. ನಾನು ಪೇಪರು ಮಡಚಿ ಅಕ್ಕಿ ಡಬ್ಬಿಯ ಕೆಳಗೆ ಇಟ್ಟೆ. ಆ ನಾಲ್ಕು ನಿಮಿಷ ನಮ್ಮವ್ವನವು. ಅವರ ಕೈಗೆ ಅದನ್ನು ಕೊಟ್ಟವಳು ನಾನು. ಆಗ ನನಗೆ ಹತ್ತು ವರ್ಷ.

ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಸುಮ್ಮನೆ ಅಳುತ್ತಿರಲಿಲ್ಲ. ಹಾಡ್ಯಾಡಿ ಅಳುತ್ತಿದ್ದರು. ಸತ್ತವರ ಹೆಸರು ಹಿಡಿದು, ಅವರ ಗುಣ ಹೇಳಿ, ಅವರಿಗೆ ಆದ ಅನ್ಯಾಯ ಹೇಳಿ, ಒಂದೊಂದು ಮಾತನ್ನೂ ರಾಗದಲ್ಲಿ ಎಳೆದು ಅಳುವುದು. ಒಳಗೆ ಪಡಸಾಲೆಯಲ್ಲಿ ಹೆಂಗಸರು, ಹೊರಗೆ ಕಟ್ಟೆಯ ಮೇಲೆ ತಾಳ ಹಿಡಿದು ಭಜನೆ ಮಾಡುವ ಗಂಡಸರು. ಆ ಭಜನೆಯ ಸಪ್ಪಳದಲ್ಲಿ ಒಳಗಿನ ಮಾತು ಹೊರಗೆ ಹೋಗುತ್ತಿರಲಿಲ್ಲ, ಹೋದರೂ ಕೇಳಿಸಿಕೊಂಡವರು ಕೇಳಿಸಲಿಲ್ಲ ಅನ್ನಬೇಕು. ಸೊಸೆ ಅತ್ತೆಯ ಮೇಲೆ, ತಂಗಿ ಅಣ್ಣನ ಮೇಲೆ, ಹೆಂಡತಿ ಗಂಡನ ಮೇಲೆ, ಜೀವನವೆಲ್ಲ ಬಾಯೊಳಗೆ ಇಟ್ಟುಕೊಂಡದ್ದನ್ನು ಅವತ್ತು ಒಂದು ದಿನ ಹೇಳಬಹುದಿತ್ತು. ಮಣ್ಣು ಮುಗಿದು ಮೈಮೇಲೆ ನೀರು ಹಾಕಿಕೊಂಡ ಮೇಲೆ ಆ ಮಾತನ್ನು ಯಾರೂ ಎತ್ತುವ ಹಾಗಿಲ್ಲ. ಸತ್ತವರ ಜೊತೆ ಅದೂ ಹೋಯಿತು ಅಂತ ಲೆಕ್ಕ. ಹೀಗೆ ಅಳುವುದರಲ್ಲಿ ನಮ್ಮವ್ವನನ್ನು ಮೀರಿಸುವವರು ಸುತ್ತ ನಾಲ್ಕೂರಲ್ಲಿ ಇರಲಿಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಅವ್ವನಿಗೆ ಹೇಳಿಕಳಿಸುತ್ತಿದ್ದರು.

ನನಗೆ ಏಳು ವರ್ಷವಿದ್ದಾಗ ಅವ್ವ ತನ್ನ ಮಗಳಿಗಾಗಿಯೇ ಅಳಬೇಕಾಯಿತು. ನಮ್ಮಕ್ಕ ಗಿರಿಜಾ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನನ್ನ ತಲೆ ಬಾಚಿ ಎರಡು ಜಡೆ ಹಾಕಿ, ಹಳದಿ ರಿಬ್ಬನ್ನು ಬಿಗಿದು, ಹಣೆ ಮೂಸಿ ನೋಡುವವಳು. ಅವಳನ್ನು ಕಲಘಟಗಿ ಕಡೆ, ಮಿಶ್ರಿಕೋಟಿ ದಾಟಿ ಒಂದು ಹಳ್ಳಿಗೆ ಕೊಟ್ಟಿದ್ದರು. ಮದುವೆಯಾಗಿ ಎಂಟು ತಿಂಗಳಿಗೆ ಒಂದು ದಿನ ಮುಂಜಾನೆಯ ಬಸ್ಸಿನಿಂದ ಒಬ್ಬಳೇ ಇಳಿದಳು. ಕೈಯಲ್ಲಿ ಹಸಿರು ಬಿಳಿ ವಾಯರಿನಿಂದ ಹೆಣೆದ ಚೀಲ, ತಾನೇ ಹೆಣೆದದ್ದು. ನಾನು ತಿರುಗಿ ಹೋಗೂದಿಲ್ಲ ಅಂದಳು, ಅಷ್ಟೇ. ಯಾಕೆ ಅಂತ ಅವ್ವ ಕೇಳಿದ್ದಕ್ಕೆ ತೋಳು ತೋರಿಸಿದಳು. ಅವ್ವ ರೊಟ್ಟಿ ಬಡಿದು, ಝುಣಕ ಮಾಡಿ, ಮುಂದೆ ಕುಂತು ಉಣಿಸಿದಳು. ಹೊಲದಿಂದ ಬಂದ ಅಪ್ಪ ಕಾಲು ತೊಳೆದು, ಅವಳನ್ನು ನೋಡಿ, ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂತ. ಮಂದಿ ಏನಂದಾರು, ಐದರ ಬಸ್ಸಿಗೆ ಕಳಿಸು ಅಂದ. ನಮ್ಮಪ್ಪ ಕೆಟ್ಟವನಲ್ಲ. ಗಿರಿಜಕ್ಕನ ಮೇಲೆ ಅವನ ಜೀವವೇ ಇತ್ತು. ಸಂತೆಯಿಂದ ರಿಬ್ಬನ್ನು ತರುತ್ತಿದ್ದವನೂ ಅವನೇ. ಆದರೆ ಮಗಳು ತವರಿಗೆ ಬಂದು ಕೂತಳು ಅನ್ನುವ ಒಂದು ಮಾತಿಗೆ ಅವನು ಹೆದರಿದ. ಅವ್ವ ಬೇವಿನ ಗಿಡದ ತನಕ ಹೋಗಿ ಅಕ್ಕನನ್ನು ಬಸ್ಸು ಹತ್ತಿಸಿ ಬಂದಳು.

ಹದಿನೈದು ದಿನಕ್ಕೆ ಸುದ್ದಿ ಬಂತು. ನೀರು ಸೇದುವಾಗ ಕಾಲು ಜಾರಿ ಬಾವಿಗೆ ಬಿದ್ದಳಂತೆ. ಸುದ್ದಿ ಮುಟ್ಟಿ ನಮ್ಮವರು ಹೋಗುವುದರೊಳಗೆ ಮಣ್ಣು ಮಾಡಿ ಮುಗಿಸಿದ್ದರು. ಆ ವಾಯರಿನ ಚೀಲ ಒಂದನ್ನು ಕೊಟ್ಟು ಕಳಿಸಿದರು. ಓಣಿಯ ಹೆಂಗಸರು ಬಂದು ಪಡಸಾಲೆ ತುಂಬಿದರು. ಹೆಣವಿಲ್ಲ, ಚೀಲವನ್ನೇ ನಡುವೆ ಇಟ್ಟರು. ಅವ್ವ ಅದರ ಹಿಡಿಕೆ ಹಿಡಿದು ಅಳಲಿಕ್ಕೆ ಶುರುಮಾಡಿದಳು. ಬಾಜು ಮನೆಯ ಹುಸೇನಬಿ ಚಿಗವ್ವ ಅವಳ ಬೆನ್ನು ಹಿಡಿದು ಕೂತಿದ್ದಳು. ನಾನು ಇಬ್ಬರ ನಡುವೆ ಸಿಕ್ಕಿಕೊಂಡು ಎಲ್ಲ ಕೇಳಿದೆ.

"ಬಾಗಿಲಿಗಿ ಬಂದಾಕಿನ್ನ ಬಸ್ಸ ಹತ್ತಿಸಿ ಬಂದ್ನೆಲ್ಲ ನನ ಗಿರಿಜವ್ವಾ… ಉಂಡ ರೊಟ್ಟಿ ಹೊಟ್ಯಾಗ ಬಿಸಿ ಇತ್ತಲ್ಲ ನನ ಗಿರಿಜವ್ವಾ… ಒಲ್ಲೆ ಅಂದಿ, ಕಳಸ ಅಂದ, ಹಡದಪ್ಪನ ಮೀಸಿ ಉಳೀತು, ನೀ ಉಳೀಲಿಲ್ಲಲ್ಲ ನನ ಗಿರಿಜವ್ವಾ…"

ಹೊರಗೆ ತಾಳ ಬಡಿಯುತ್ತಿತ್ತು. ಅಪ್ಪ ಕಟ್ಟೆಯ ಮೇಲೆ ಕಂಬಕ್ಕೆ ತಲೆ ಆನಿಸಿ ಕೂತಿದ್ದ. ಅವನಿಗೆ ಆ ಮಾತು ಮುಟ್ಟಲಿಲ್ಲ. ಮುಟ್ಟಬಾರದು ಅಂತಲೇ ಅವ್ವನ ಮನಸ್ಸಿನಲ್ಲೂ ಇತ್ತು. ಯಾಕೆಂದರೆ ಮರುದಿನದಿಂದ ಇಬ್ಬರೂ ಒಂದೇ ಒಲೆಯ ಮುಂದೆ ಬದುಕಬೇಕಿತ್ತು. ಅದಾದ ನಾಲ್ಕಾರು ದಿನಕ್ಕೆ ನಾನು ಗೊಂಬೆ ಮಲಗಿಸಿಕೊಂಡು ಅದೇ ರಾಗ ಎಳೆದು ಆಡುತ್ತಿದ್ದಾಗ ಅವ್ವ ಬಂದು ಬೆನ್ನಿಗೆ ಒಂದು ಬಿಟ್ಟಳು. ಆ ಮಾತು ಹೊರಗ ಆಡಿದಿ ಅಂದ್ರ ನಾಲಗಿ ಕೀಳ್ತೀನಿ ಅಂದಳು. ಹಾಗಾಗಿ ನನಗೆ ಗೊತ್ತಿರಲಿಲ್ಲ ಅಂತ ಹೇಳುವ ಹಾಗಿಲ್ಲ. ಗೊತ್ತಿತ್ತು.

ಮೂರು ವರ್ಷದ ಮೇಲೆ ಸಿನೆಮಾದವರು ಬಂದರು. ಎರಡು ಲಾರಿ, ಒಂದು ವ್ಯಾನು, ಕಿವಿ ಹರಿಯುವ ಹಾಗೆ ಬಡಿದುಕೊಳ್ಳುವ ಜನರೇಟರ್. ಸಾಲಿಯ ಎರಡು ಕೋಣೆಯಲ್ಲಿ ಅವರ ಬಿಡಾರ. ನಮಗೆ ಆಟವೇ ಬದಲಾಯಿತು. ಕುಂಟಾಬಿಲ್ಲೆ ಬಿಟ್ಟು, ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಕ್ಯಾಮರಾ ಮಾಡಿ, "ಟೇಕ್" "ಕಟ್" ಅಂತ ಓಣಿ ತುಂಬ ಒದರುವುದೇ ಕೆಲಸ. ಅಂಗಳದ ಮೆಣಸಿನಕಾಯಿ ಘಾಟಿಗೆ ಪ್ಯಾಟೆಯವರೆಲ್ಲ ಸೀನಿ ಸೀನಿ ಸುಸ್ತಾದರು. ಕ್ಯಾಮರಾದವನೊಬ್ಬ ಮೂಗಿಗೆ ಟವೆಲು ಸುತ್ತಿಕೊಂಡೇ ಇಪ್ಪತ್ತು ದಿನ ಕಳೆದ. ಹುಸೇನಬಿ ಚಿಗವ್ವ ಅವನಿಗೆ ಉಪ್ಪುನೀರು ಕೊಟ್ಟು, ಮೆಣಸಿನಕಾಯಿಗೆ ಅಳಾವ್ರು ಸಾವಿನ ಸಿನೆಮಾ ಹೆಂಗ ಮಾಡ್ತಾರವಾ ಅಂತ ನಕ್ಕಳು.

ಡೈರೆಕ್ಟರು ಎಲ್ಲರಂತೆ ಇರಲಿಲ್ಲ. ನಮ್ಮ ಮಾತೇ ಆಡುತ್ತಿದ್ದರು. ಬಡಕಲು ಮೈ, ಖಾದಿ ಜುಬ್ಬಾ, ಕೊರಳಲ್ಲಿ ಕರಿ ದಾರಕ್ಕೆ ಕಟ್ಟಿದ ಒಂದು ಗಿಡ್ಡ ಕೊಳವೆ, ಅದಕ್ಕೆ ಗಾಜು. ಎಲ್ಲಿಗೆ ಹೋದರೂ ಅದನ್ನು ಕಣ್ಣಿಗೆ ಹಿಡಿದು ನೋಡುವರು. ಮಾಳಿಗೆ ನೋಡುವರು, ಎಮ್ಮೆ ನೋಡುವರು, ಖಾಲಿ ಗೋಡೆ ನೋಡುವರು. ಅದರೊಳಗೆ ಏನು ಕಾಣುತ್ತದೆ ಅನ್ನುವುದೊಂದೇ ನನ್ನ ತಲೆಯಲ್ಲಿ. ಆ ಗಾಜಿನೊಳಗೆ ಒಂದು ಸಲ ಕಣ್ಣಿಟ್ಟರೆ ಸಾಕು, ಮತ್ತೇನೂ ಬೇಡ ಅನಿಸುತ್ತಿತ್ತು. ಅವರ ಹಿಂದೆ ಹಿಂದೆ ಅಲೆದೆ. ಅವರೂ ಗುರುತು ಹಿಡಿದು, ಏನವಾ ರೇಣುಕಾ ಅಂತ ಮಾತಾಡಿಸುತ್ತಿದ್ದರು.

ಸಿನೆಮಾದ ಕತೆ ಮಗಳು ಸತ್ತ ಒಬ್ಬ ತಾಯಿಯದು. ಬೆಂಗಳೂರಿನಿಂದ ಬಂದ ಹೀರೋಯಿನ್ನಿಗೆ ಇಳಕಲ್ಲ ಸೀರೆ ಉಡಿಸಿ, ಕಣ್ಣಿಗೆ ಏನೋ ಎಣ್ಣೆಯಂಥದ್ದು ಹಚ್ಚಿ ಅಳಿಸಿದರು. ನೋಡುತ್ತ ನಿಂತ ನಮ್ಮ ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. ಆಕೆ ಪಾಪ, ಮೂಗು ಕೆಂಪಗೆ ಮಾಡಿಕೊಂಡು ಬಿಕ್ಕುತ್ತಿದ್ದಳು, ಮಾತೇ ಇಲ್ಲ, ರಾಗವೇ ಇಲ್ಲ. ಡೈರೆಕ್ಟರು ನಾಲ್ಕು ದಿನ ಅದನ್ನೇ ಮತ್ತೆ ಮತ್ತೆ ತೆಗೆದರು. ಆಮೇಲೆ ಊರ ಹೆಂಗಸರನ್ನು ಕೇಳಿದರು, ಯಾರಾದರೂ ಒಬ್ಬರು ಹಾಡ್ಯಾಡಿ ಅತ್ತು ತೋರಿಸ್ರಿ ಅಂತ. ಹೆಣಾ ಇಲ್ದ ಹೆಂಗ ಅಳಬೇಕ್ರಿ ಅಂತ ಎಲ್ಲರೂ ಒಳಗೆ ಸರಿದರು. ಅವ್ವನ ಹೆಸರನ್ನು ಯಾರೂ ಹೇಳಲಿಲ್ಲ. ಅಷ್ಟು ಮರ್ಯಾದೆ ಆ ಊರಿಗಿತ್ತು.

ಐದನೇ ದಿನ ಅವರು ಸಾಲಿಯ ಹಿಂದೆ ಒಬ್ಬರೇ ಕಲ್ಲಿನ ಮೇಲೆ ಕೂತಿದ್ದರು. ಹಾಲಿಲ್ಲದ ಚಹಾ ಆರಿ ಹೋಗಿತ್ತು. ನಾನು ಹೋಗಿ ಎದುರು ನಿಂತೆ. ನಿಮ್ಮ ಹೀರೋಯಿನ್ ಅಳೂದು ಬರೋಬರಿ ಇಲ್ಲ ಅಂದೆ. ಅವರು ನಕ್ಕು, ಹಂಗಾರ ಹೆಂಗ ಅಳಬೇಕವಾ ಅಂದರು. ನನಗೆ ಗೊತ್ತೈತಿ, ಆದರ ಆ ಗಾಜು ಕೊಟ್ಟರಷ್ಟ ಹೇಳ್ತೀನಿ ಅಂದೆ. ಅವರು ಕೊರಳಿನಿಂದ ದಾರ ತೆಗೆದು ನನ್ನ ಕೊರಳಿಗೆ ಹಾಕಿದರು.

ನಾನು ಹಾಡಿದೆ. ಅವ್ವನ ರಾಗ, ಅವ್ವನ ಮಾತು, ಅವ್ವ ಉಸಿರು ಎಳೆದುಕೊಳ್ಳುವ ಜಾಗ, ಒಂದೂ ಬಿಡದೆ. ರೊಟ್ಟಿ, ಬಸ್ಸು, ಹಡದಪ್ಪನ ಮೀಸೆ, ಎಲ್ಲ. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ನಾನು ಗಾಜಿನೊಳಗೆ ಕಣ್ಣಿಟ್ಟು ನೋಡಿದೆ. ಏನಿತ್ತು ಅಂತೀರಿ? ಅದೇ ಬೇವಿನ ಗಿಡ, ಅದೇ ಸಾಲಿಯ ಗೋಡೆ, ತುಸು ಸಣ್ಣದಾಗಿ, ಸುತ್ತ ಕರಿ ಅಂಚು. ಅಷ್ಟೇ. ದಾರ ತೆಗೆದು ತಿರುಗಿ ಕೊಟ್ಟೆ. ಇಷ್ಟಕ್ಕಾಗಿ ನಮ್ಮ ಮನೆಯ ಮಾತನ್ನು ಮಾರಿಕೊಂಡೆ.

ಮರುದಿನ ಮಧ್ಯಾಹ್ನ ಅಪ್ಪ ಹೊಲಕ್ಕೆ ಹೋದ ಹೊತ್ತು ನೋಡಿ ಅವರು ನಮ್ಮ ಮನೆಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕೂತರು. ಅವ್ವ ಮೆಣಸಿನಕಾಯಿಯ ತೊಟ್ಟು, ನಮ್ಮ ಮಾತಿನಲ್ಲಿ ತುಂಬು, ಮುರಿಯುತ್ತಿದ್ದಳು, ಹುಸೇನಬಿ ಚಿಗವ್ವನೂ ಜೊತೆಗಿದ್ದಳು. ಅವರು ತಮ್ಮ ಮಾತು ಎತ್ತಿ, ಮಗಳ ಸಲುವಾಗಿ ನೀವು ಅತ್ತದ್ದು ಅಂದ ಕೂಡಲೇ ಅವ್ವನ ಕೈ ನಿಂತಿತು. ಯಾರು ಹೇಳಿದರು ಅಂತ ಅವಳು ಕೇಳಲಿಲ್ಲ. ತಲೆ ಎತ್ತಿ ಕದದ ಹತ್ತಿರ ನಿಂತಿದ್ದ ನನ್ನನ್ನು ನೋಡಿದಳು. ಹೊಡೆದಿದ್ದರೆ ಚೆನ್ನಾಗಿತ್ತು. ಹೊಡೆಯಲಿಲ್ಲ, ಬೈಯಲಿಲ್ಲ, ಸಾಯುವತನಕ ಆ ವಿಷಯ ನನ್ನ ಮುಂದೆ ತೆಗೆಯಲಿಲ್ಲ.

ಆಗೂದಿಲ್ರಿ ಅಂತ ಒಂದೇ ಮಾತು ಹೇಳಿ ಮತ್ತೆ ತುಂಬು ಮುರಿಯತೊಡಗಿದಳು. ಅವರು ಏಳಲಿಲ್ಲ. ತಮ್ಮ ಕತೆ ಹೇಳಿದರು. ಅವರ ತಾಯಿ ಸತ್ತ ದಿನ ಅವರನ್ನು ಯಾರೋ ಎತ್ತಿಕೊಂಡು ಹೋಗಿ ಬೇರೆ ಮನೆಯಲ್ಲಿ ಕೂಡಿಸಿ, ಮುಂದೆ ಒಂದು ಪರಾತದ ತುಂಬ ಚುರುಮುರಿ ಇಟ್ಟಿದ್ದರಂತೆ. ಅದನ್ನು ತಿಂದು ಮುಗಿಸಿ ಮನೆಗೆ ಬಂದರೆ ಅಂಗಳ ತೊಳೆದಿದ್ದರಂತೆ. ತಾಯಿಗಾಗಿ ಹೆಂಗಸರು ಏನು ಹೇಳಿ ಅತ್ತರು ಅಂತ ದೊಡ್ಡವರಾದ ಮೇಲೆ ಎಲ್ಲರನ್ನೂ ಕೇಳಿದರಂತೆ. ಯಾರೂ ಬಾಯಿ ಬಿಡಲಿಲ್ಲ, ಬಿಡುವ ಹಾಗಿರಲಿಲ್ಲವಲ್ಲ.

"ಅಕ್ಕಾರ, ಎರಡು ಸಿನೆಮಾ ಮಾಡಿದೆ, ಇದು ಮೂರನೇದು. ಮೂರೂ ಅದನ್ನ ಕೇಳಬೇಕಂತನ ಮಾಡಿದ್ದು," ಅಂದರು. ಅವರ ದನಿ ಒಡೆದಿತ್ತು. ಅದು ನಟನೆ ಅಲ್ಲ, ಇವತ್ತಿಗೂ ನಾನು ಹಾಗೆಯೇ ನಂಬಿದ್ದೇನೆ.

"ನಿಮಗ ಆಗ ಎಷ್ಟು ವರ್ಷ?" ಅಂತ ಅವ್ವ ಕೇಳಿದಳು.

"ಐದು."

ಅವ್ವ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗೆ ಇಟ್ಟಳು. ಚುರುಮುರಿ ಮುಂದೆ ಕೂತ ಐದು ವರ್ಷದ ಹುಡುಗ ಅವಳ ಕಣ್ಣಿಗೆ ಬಿದ್ದಿರಬೇಕು. ಸಿನೆಮಾದ ಆಸೆಗೆ ಅವಳು ಒಪ್ಪಲಿಲ್ಲ, ಆ ಹುಡುಗನಿಗೆ ಒಪ್ಪಿದಳು. ಒಂದೇ ಮಾತು ಕೇಳಿದಳು: "ನನ ಮಗಳ ಹೆಸರು ಹೊರಗ ಬರಬಾರದು."

"ಬರೂದಿಲ್ಲ," ಅಂತ ಅವರು ಭಾಷೆ ಕೊಟ್ಟರು.

ಹುಸೇನಬಿ ಚಿಗವ್ವ ಮಾತ್ರ ಬ್ಯಾಡ ಬೇ, ಈ ಮಷೀನು ಮೈ ತೊಳಕೊಳ್ಳೂದಿಲ್ಲ ಅಂದಳು. ಅವಳೊಬ್ಬಳಿಗೆ ತಿಳಿದಿತ್ತು. ಅವ್ವ ತಿಳಿದದ್ದೇ ಬೇರೆ. ಸಿನೆಮಾ ಅಂದರೆ ಸುಳ್ಳು, ಸುಳ್ಳಿನೊಳಗೆ ಹಾಕಿದ ಮಾತು ಯಾರದೂ ಅಲ್ಲ, ತನ್ನ ಅಳು ಹೀರೋಯಿನ್ನಿನ ಬಾಯಿಗೆ ಹೋದ ಮೇಲೆ ಅವಳದೇ ಆಗುತ್ತದೆ. ಹೆಸರು ತೆಗೆದರೆ ಆಯಿತು, ಉಳಿದದ್ದು ಎಂದಿನಂತೆ ಅಲ್ಲಿಯೇ ಮಣ್ಣಾಗುತ್ತದೆ. ಡೈರೆಕ್ಟರೂ ಹಾಗೆಯೇ ತಿಳಿದಿದ್ದರೋ ಏನೋ. ಮಾತು ಎಲ್ಲಿ ಸಾಯಬೇಕು ಅನ್ನುವುದಕ್ಕೆ ನಮ್ಮ ಜನ ಒಂದು ರೀತಿ ಇಟ್ಟುಕೊಂಡು ಬಂದಿದ್ದರು, ಮಾತನ್ನು ಸಾಯಗೊಡದ ಯಂತ್ರ ಬಂದಾಗ ಏನು ಮಾಡಬೇಕು ಅಂತ ಇಟ್ಟಿರಲಿಲ್ಲ.

ಅವತ್ತೇ ಅಡುಗೆಮನೆಯ ಬಾಗಿಲು ಹಾಕಿ ಅವ್ವ ಅತ್ತಳು. ಗೋಡೆಯ ಮಾಡದಿಂದ ವಾಯರಿನ ಚೀಲ ಇಳಿಸಿ ಮುಂದೆ ಇಟ್ಟುಕೊಂಡಿದ್ದಳು. ಒಳಗೆ ಡೈರೆಕ್ಟರು, ಟೇಪಿನ ಪೆಟ್ಟಿಗೆ ಇಟ್ಟುಕೊಂಡು ಕಿವಿಗೆ ಬಟ್ಟಲು ಹಾಕಿಕೊಂಡ ಒಬ್ಬ ಮನುಷ್ಯ, ಹುಸೇನಬಿ ಚಿಗವ್ವ. ನಾನು ಹೊರಗೆ ಬಾಗಿಲಿಗೆ ಕಿವಿ ಕೊಟ್ಟು ಕೂತಿದ್ದೆ. ಮೂರು ವರ್ಷ ಅವ್ವ ಅಕ್ಕನ ಹೆಸರು ಎತ್ತಿರಲಿಲ್ಲ. ಅವತ್ತು ಎಷ್ಟು ಸಲ ಕರೆದಳೋ. ಬಾಗಿಲು ತೆಗೆದಾಗ ಎಲ್ಲರಿಗಿಂತ ಮೊದಲು ಡೈರೆಕ್ಟರು ಹೊರಬಂದು, ಅಂಗಳದ ಮೆಣಸಿನಕಾಯಿ ನಡುವೆ ನಿಂತು ಸಣ್ಣ ಹುಡುಗನ ಹಾಗೆ ಅತ್ತರು. ಘಾಟಿಗೆ ಅಂತ ಕ್ಯಾಮರಾದವನು ತಿಳಿದ. ಎರಡು ದಿನಕ್ಕೆ ಲಾರಿ ತುಂಬಿಕೊಂಡು ಎಲ್ಲರೂ ಹೋದರು.

ಎರಡು ವರ್ಷ ಕಳೆದು, ಒಂದು ಭಾನುವಾರ ಮಧ್ಯಾಹ್ನ ಆ ಸಿನೆಮಾ ದಿಲ್ಲಿಯಿಂದ ಟೀವಿಯಲ್ಲಿ ಬರುತ್ತದೆ ಅಂತ ಸುದ್ದಿ ಆಯಿತು. ಊರಿಗೆಲ್ಲ ಒಂದೇ ಟೀವಿ, ಪಂಚಾಯ್ತಿ ಕಟ್ಟೆಯದು. ಮಾಳಿಗೆ ಮೇಲೆ ಒಬ್ಬನನ್ನು ಹತ್ತಿಸಿ ಆಂಟೆನಾ ತಿರುವಿಸುತ್ತ, ಶೇಂಗಾ ತಿನ್ನುತ್ತ, ಊರಿಗೆ ಊರೇ ಕೂತಿತು. ನಮ್ಮ ಎಮ್ಮೆ ನೋಡು, ನಮ್ಮ ಅಗಸಿ ನೋಡು ಅಂತ ಒಂದೇ ಗದ್ದಲ. ಅಪ್ಪ ಮುಂದಿನ ಸಾಲಿನಲ್ಲಿ, ತೊಳೆದ ಧೋತರ ಉಟ್ಟು ಕೂತಿದ್ದ. ಅವ್ವ ಬರಲಿಲ್ಲ. ನಾನು ಹೋದೆ.

ಹೀರೋಯಿನ್ ಬಾಯಿ ತೆರೆದಳು. ಅವ್ವನ ದನಿ ಬಂತು.

ಗದ್ದಲ ಎಲ್ಲ ಒಂದೇ ಸಲಕ್ಕೆ ನಿಂತಿತು. ಡೈರೆಕ್ಟರು ಭಾಷೆ ಉಳಿಸಿಕೊಂಡಿದ್ದರು. ಹೆಸರು ಬರುವ ಕಡೆಯೆಲ್ಲ ದನಿ ಕತ್ತರಿಸಿ, ಬರೇ ಗಾಳಿಯ ಸಣ್ಣ ಸದ್ದು ಬಿಟ್ಟಿದ್ದರು. "ಬಸ್ಸ ಹತ್ತಿಸಿ ಬಂದ್ನೆಲ್ಲ ನನ…" ಅಂತ ಬಂದು ಅಲ್ಲಿಗೆ ನಿಲ್ಲುತ್ತಿತ್ತು. ಆದರೆ ಆ ದನಿಯನ್ನು ತನ್ನ ಮನೆಯ ಸಾವಿನಲ್ಲಿ ಕೇಳದವರು ಆ ಊರಲ್ಲಿ ಯಾರಿದ್ದರು? ಆ ಬಸ್ಸು ಯಾವ ಬಸ್ಸು ಅಂತ ಗೊತ್ತಿಲ್ಲದವರು ಯಾರಿದ್ದರು? ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹಡದಪ್ಪನ ಮೀಸೆಯ ಮಾತು ಬಂದಾಗ ಗಂಡಸರೆಲ್ಲ ನೆಲ ನೋಡಿದರು. ಇಲ್ಲಿ ಭಜನೆ ಇರಲಿಲ್ಲ, ತಾಳ ಇರಲಿಲ್ಲ, ಕೇಳಿಸಲಿಲ್ಲ ಅನ್ನಲಿಕ್ಕೆ ಜಾಗವಿರಲಿಲ್ಲ. ಅಪ್ಪ ಎದ್ದ. ಚಪ್ಪಲಿ ಹುಡುಕಿ ಮೆಟ್ಟಿಕೊಂಡ. ಒಂದು ಚಪ್ಪಲಿ ಬೇರೆಯವರದಾಗಿತ್ತು, ಅದು ಅವನಿಗೆ ತಿಳಿಯಲಿಲ್ಲ. ಮನೆಯ ಕಡೆ ಹೋಗದೆ ಹೊಲದ ದಾರಿ ಹಿಡಿದು ನಡೆದ.

ಮನೆಗೆ ಬಂದ ಮೇಲೂ ಅವನು ಕೂಗಾಡಲಿಲ್ಲ. ತನ್ನ ಹಾಸಿಗೆ ಸುತ್ತಿಕೊಂಡು ಹೊರಗಿನ ಕಟ್ಟೆಗೆ ಹಾಕಿದ. ಅವ್ವ ನೀಡಿದ್ದನ್ನು ಉಂಡ, ತೊಳೆದ ಅಂಗಿ ಹಾಕಿಕೊಂಡ, ಆದರೆ ಅವ್ವನ ಜೊತೆ ಮಾತು ಬಿಟ್ಟ. ಒಂದು ದಿನ, ಎರಡು ದಿನ ಅಲ್ಲ, ಹನ್ನೊಂದು ವರ್ಷ, ತಾನು ಸಾಯುವತನಕ. ಏನಾದರೂ ಹೇಳುವುದಿದ್ದರೆ ನನ್ನ ಮುಂದೆ ಹೇಳುತ್ತಿದ್ದ: ನಿಮ್ಮವ್ವಗ ಹೇಳು, ನಾಳಿ ಆಳು ಬರ್ತಾವು. ಅವ್ವನೂ ಹಾಗೆಯೇ: ನಿಮ್ಮಪ್ಪಗ ಹೇಳು, ಉಣ್ಣಾಕ ಏಳಂತ. ನಡುವೆ ನಾನು. ಆ ಮನೆಯಲ್ಲಿ ಮಾತು ಒಯ್ಯುವ ಕೆಲಸ ನನ್ನದೇ ಆಯಿತು. ಒಂದು ಸಲ ಒಯ್ದದ್ದಕ್ಕೆ ಅದು ಶಿಕ್ಷೆ ಅಂತ ನಾನೇ ಅಂದುಕೊಂಡೆ.

ಅವ್ವ ಮತ್ತೆ ಯಾರ ಸಾವಿಗೂ ಹಾಡ್ಯಾಡಿ ಅಳಲಿಲ್ಲ. ಮೊದಮೊದಲು ಹೇಳಿಕಳಿಸಿದರು, ಅವಳು ಹೋಗಿ ಕೂತು ಸುಮ್ಮನೆ ಬಂದಳು. ಆಮೇಲೆ ಕರೆಯುವುದೂ ನಿಂತಿತು. ಉಳಿದ ಹೆಂಗಸರ ಬಾಯಿಯೂ ಬಿಗಿಯಿತು. ಯಾವನು ಎಲ್ಲಿ ಟೇಪು ಹಿಡಿದು ಕೂತಿದ್ದಾನೋ ಅನ್ನುವ ಅಂಜಿಕೆ. ಒಂದು ಸಿನೆಮಾಕ್ಕೆ ಊರ ಹೆಂಗಸರೆಲ್ಲ ಅಳು ಕಳೆದುಕೊಂಡರು ಅಂದರೆ ಯಾರು ನಂಬುತ್ತಾರೆ?

ಡೈರೆಕ್ಟರು ಒಮ್ಮೆ ಬಂದಿದ್ದರು, ಆರೇಳು ವರ್ಷದ ಮೇಲೆ. ತಲೆ ಬೆಳ್ಳಗಾಗಿತ್ತು. ಆಮೇಲೆ ಮಾಡಿದ ಸಿನೆಮಾ ಯಾವುವೂ ಓಡಿರಲಿಲ್ಲವಂತೆ. ಕೊರಳಲ್ಲಿ ಆ ಗಾಜು ಇರಲಿಲ್ಲ. ಕಟ್ಟೆಯ ಮೇಲೆ ಹಾಸಿಗೆ ಇದ್ದದ್ದನ್ನು ನೋಡಿದರು, ಅವ್ವ ನೀರಿನ ತಂಬಿಗೆ ಇಟ್ಟು ಮಾತಿಲ್ಲದೆ ಒಳಗೆ ಹೋದದ್ದನ್ನು ನೋಡಿದರು. ಅವರಿಗೆ ತಿಳಿಯಿತು. ಅಪ್ಪ ಹಾಸಿಗೆ ಸರಿಸಿ, ಕೂಡ್ರಿ ಅಂತ ಜಾಗ ಕೊಟ್ಟು, ಆರಾಮ ಅದೀರೇನ್ರಿ ಅಂತ ವಿಚಾರಿಸಿದ. ಹೊರಟು ನಿಂತಾಗ ಅಂದ:

"ಚಲೋ ಸಿನೆಮಾ ತಗದ್ರಿ ಸಾಹೇಬ್ರ. ನಾ ಪೂರ್ತಿ ನೋಡಲಿಲ್ಲ."

ಅವರು ಕೈ ಮುಗಿದರು. ಅವರು ಆಮೇಲೆ ಎರಡೋ ಮೂರೋ ಸಿನೆಮಾ ಮಾಡಿದರು, ಯಾವುದರಲ್ಲೂ ಸಾವಿನ ದೃಶ್ಯ ಇಲ್ಲ ಅಂತ ಪೇಪರಿನವರೇ ಬರೆದಿದ್ದಾರೆ. ಕಾರಣ ಮಾತ್ರ ಬರೆದಿಲ್ಲ.

ಅಪ್ಪ ಸತ್ತಾಗ ಅವ್ವ ಅವನ ತಲೆಯ ಹತ್ತಿರ ಕೂತು ಎರಡು ಸಲ ಬಾಯಿ ತೆರೆದಳು. ಏನೂ ಬರಲಿಲ್ಲ. ಅವನಿಗೆ ಹೇಳಬೇಕಾದದ್ದು ಎಷ್ಟಿತ್ತೋ, ಅದೆಲ್ಲ ಅವಳ ಜೊತೆಗೇ ಉಳಿಯಿತು.

ಒಂಬತ್ತು ವರ್ಷದ ಹಿಂದೆ ಅವ್ವನೂ ಹೋದಳು. ಒಂದು ಮುಂಜಾನೆ, ರೊಟ್ಟಿಯ ಹಿಟ್ಟು ಕಲಸಿಟ್ಟು ಒರಗಿದವಳು ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಡಸಾಲೆ ತುಂಬ ಹೆಂಗಸರು, ಪ್ಲಾಸ್ಟಿಕ್ ಕುರ್ಚಿ, ಫ್ಯಾನಿನ ಸದ್ದು. ಹೊರಗೆ ಭಜನೆಯವರೂ ಇರಲಿಲ್ಲ. ಯಾರೋ ಮೂಗು ಸೇದಿದರು, ಅಷ್ಟೇ. ಹುಸೇನಬಿ ಚಿಗವ್ವನಿಗೆ ಕಣ್ಣು ಪೂರ್ತಿ ಹೋಗಿತ್ತು, ಗೋಡೆಗೆ ಆನಿಕೊಂಡು ಕೂತಿದ್ದಳು. ಬಹಳ ಹೊತ್ತು ಕೇಳಿ ಕೇಳಿ ಅಂದಳು:

"ಯಾಕ ಸುಮ್ಮಕುಂತೀರೇ? ಊರ ಮಂದಿನ್ನೆಲ್ಲ ಅತ್ತು ಕಳಿಸ್ಯಾಳ ಅಕಿ. ಅಕಿ ಸಲುವಾಗಿ ಯಾರರೆ ಹಾಡ್ಯಾಡ್ರೆ."

ಎಲ್ಲರೂ ನನ್ನ ಕಡೆ ನೋಡಿದರು. ಸರಿಯೇ. ಅವ್ವನ ಅಳುವನ್ನು ಪೂರ್ತಿ ಕಲಿತವಳು ಭೂಮಿಯ ಮೇಲೆ ನಾನೊಬ್ಬಳೇ ಇದ್ದೆ. ಬಾಯಿ ತೆರೆದೆ. ಸಾಲಿಯ ಹಿಂದಿನ ಕಲ್ಲು, ಕೊರಳಿಗೆ ಬಿದ್ದ ಕರಿ ದಾರ ನೆನಪಾಯಿತು. ತೆರೆದ ಬಾಯಿ ಮುಚ್ಚಿಕೊಂಡೆ. ಅವ್ವನ ಹೆಣದ ಮುಂದೆ ಅವ್ವನ ರಾಗ ಎತ್ತುವ ಮುಖ ನನಗಿರಲಿಲ್ಲ.

ಆಗ ಚಿಗವ್ವನ ಮೊಮ್ಮಗಳು, ಕಾಲೇಜು ಹುಡುಗಿ, ಫೋನು ತೆಗೆದಳು. ಅಜ್ಜಿ, ಇವರ ಅಳು ಯೂಟ್ಯೂಬಿನಾಗ ಐತಲ್ಲ ಅಂತ ಮೆಲ್ಲಗೆ ಹೇಳಿ, ಫೋನನ್ನು ಅವ್ವನ ಎದೆಯ ಹತ್ತಿರ ಇಟ್ಟಳು. ಕೆಟ್ಟ ಮನಸ್ಸಿನಿಂದಲ್ಲ. ಯಾರಾದರೂ ಅಳಬೇಕಿತ್ತು.

ಅವ್ವನ ದನಿ ಬಂತು. ನಲವತ್ತು ವರ್ಷದ ಅವ್ವನ ದನಿ, ಎಪ್ಪತ್ತು ದಾಟಿದ ಅವ್ವನ ಹೆಣದ ಮುಂದೆ. ಬಾಗಿಲಿಗಿ ಬಂದಾಕಿನ್ನ ಬಸ್ಸ ಹತ್ತಿಸಿ ಬಂದ್ನೆಲ್ಲ ನನ… ಅಂತ ಬಂದು, ಕತ್ತರಿಸಿದ ಜಾಗದಲ್ಲಿ ನಿಂತಿತು. ಬರೇ ಗಾಳಿ. ಫ್ಯಾನಿನ ಗಾಳಿಯೋ, ಸಿನೆಮಾದ ಗಾಳಿಯೋ ಗೊತ್ತಾಗಲಿಲ್ಲ. ಉಂಡ ರೊಟ್ಟಿ ಹೊಟ್ಯಾಗ ಬಿಸಿ ಇತ್ತಲ್ಲ ನನ… ಮತ್ತೆ ಖಾಲಿ. ಮೂವತ್ತು ವರ್ಷ ಜಗತ್ತೆಲ್ಲ ಕೇಳಿ ಹೊಗಳಿದ ಆ ಖಾಲಿ ಜಾಗದಲ್ಲಿ ನಮ್ಮಕ್ಕ ಇದ್ದಳು. ಅವಳ ಹೆಸರನ್ನು ಆ ಮನೆಯಲ್ಲಿ ಜೋರಾಗಿ ಕರೆದು ಎಷ್ಟು ಕಾಲವಾಗಿತ್ತು!

ಮೂರನೆಯ ಸಲ ದನಿ ಕತ್ತರಿಸಿತು. ನನ್ನ ಬಾಯಿಂದ ಅಷ್ಟೇ ಹೊರಟಿತು: "ಗಿರಿಜವ್ವಾ."

ಚಿಗವ್ವ ಕುರುಡುಗಣ್ಣು ನನ್ನ ಕಡೆ ತಿರುಗಿಸಿದಳು. ಆಮೇಲೆ ಪ್ರತಿ ಸಲವೂ ನಾನೇ ಹೇಳಿದೆ. ಅವ್ವ ಅಳುತ್ತ ಬಂದು ನಿಲ್ಲುವಳು, ನಾನು ಹೆಸರು ಹೇಳುವೆ, ಅವ್ವ ಮುಂದೆ ಹೋಗುವಳು. ನಾಲ್ಕು ನಿಮಿಷಕ್ಕೆ ಅದೂ ಮುಗಿಯಿತು. ಫೋನಿನಲ್ಲಿ ಬೇರೆ ಯಾವುದೋ ಹಾಡು ತಾನಾಗಿ ಶುರುವಾಯಿತು, ಹುಡುಗಿ ಗಾಬರಿಯಾಗಿ ಆರಿಸಿದಳು. ನಮ್ಮ ಅವ್ವನಿಗಾಗಿ ಯಾರೂ ಅಳಲಿಲ್ಲ. ಅವತ್ತೂ ಅವಳೇ ಅತ್ತಳು, ಅದೂ ಮಗಳಿಗಾಗಿ.